ಅಜ್ಜನ ಟ್ರಂಕಿನಲ್ಲಿದ್ದ ಕನ್ನಡ

(ಬೆಂಗಳೂರಿನಲ್ಲಿ ಕನ್ನಡ ಯುವಕ ಯುವತಿಯರ ಸಭೆಯಲ್ಲಿ ಆಡಿದ ಮಾತಿನ ಬರಹ ರೂಪ)



ಕನ್ನಡದ ಬಗ್ಗೆ ಮಾತಾಡಿ ಎಂದು ಕರೆದಿದ್ದೀರಿ. ನೆಲ, ಜಲ, ನೌಕರಿ, ನಾಮಫಲಕ, ಈ ಬಗ್ಗೆ ನೀವು ಬೇಕಾದಷ್ಟು ಕೇಳಿದ್ದೀರಿ, ಬೀದಿಗೂ ಇಳಿದಿದ್ದೀರಿ. ಇವತ್ತು ನಾನು ಒಂದು ತಗಡಿನ ಟ್ರಂಕಿನ ಬಗ್ಗೆ ಮಾತಾಡುತ್ತೇನೆ. ಕೊನೆಯಲ್ಲಿ ಅದು ಕನ್ನಡದ ಮಾತೇ ಆಗುತ್ತದೆ, ಸ್ವಲ್ಪ ತಾಳ್ಮೆ ಇರಲಿ.

ಮೊದಲು ಒಂದು ಪ್ರಶ್ನೆ. ನಿಮ್ಮ ಅಜ್ಜ ಏನು ಕೆಲಸ ಮಾಡುತ್ತಿದ್ದರು? 'ಮುಂಬಯಿಯಲ್ಲಿದ್ದರು' ಎನ್ನುತ್ತೀರಿ. 'ಘಟ್ಟದ ಮೇಲೆ ಕಾಫಿ ತೋಟದಲ್ಲಿದ್ದರು' ಎನ್ನುತ್ತೀರಿ. ಅದು ಜಾಗದ ಹೆಸರಾಯಿತು. ಯಾರ ಕೈಕೆಳಗೆ ದುಡಿದರು? ದಿನಕ್ಕೆ ಎಷ್ಟು ಗಂಟೆ? ಎಷ್ಟು ಸಂಬಳಕ್ಕೆ? ರಾತ್ರಿ ಎಲ್ಲಿ ಮಲಗುತ್ತಿದ್ದರು? ಕದಂಬರ ಮಯೂರವರ್ಮನ ವಿಷಯ ಕೇಳಿದರೆ ನಾವು ಹೇಳುತ್ತೇವೆ. ಮನೆಯ ಗೋಡೆಯ ಮೇಲೆ ಫೋಟೋದಲ್ಲಿರುವ ಮನುಷ್ಯನ ವಿಷಯ ಕೇಳಿದರೆ ತಲೆ ಕೆರೆದುಕೊಳ್ಳುತ್ತೇವೆ.

ನಾನೂ ಹಾಗೆಯೇ ಇದ್ದೆ. ನನ್ನ ತಾಯಿಯ ತಂದೆ ಬೆಳ್ತಂಗಡಿ ತಾಲೂಕಿನ ಒಂದು ಹಳ್ಳಿಯಲ್ಲಿ ಹುಟ್ಟಿದವರು. ಅವರ ತಾಯಿ, ತಂಗಿಯರು ಆಮೇಲೆ ಬಂಟ್ವಾಳ ತಾಲೂಕಿನಲ್ಲಿ ಒಬ್ಬ ಧಣಿಯ ಗದ್ದೆಯನ್ನು ಚಾಲಗೇಣಿಗೆ ಮಾಡಿಕೊಂಡು ಬದುಕಿದರು. ಮದುವೆಯಾದದ್ದು ಮೂಡುಬಿದಿರೆಯಲ್ಲಿ. ಗಂಡ ಮುಂಬಯಿಯಲ್ಲಿ, ಹೆಂಡತಿ ತಾಯಿಮನೆಯಲ್ಲಿ. ನಮ್ಮದು ಅಳಿಯಸಂತಾನದ ಕಟ್ಟಿನ ಮನೆ, ಅದರಲ್ಲಿ ಇದು ವಿಶೇಷವೇನಲ್ಲ. ಹೀಗಾಗಿ ಒಬ್ಬ ಮನುಷ್ಯನ ಬದುಕಿನ ಕಾಗದಗಳು ಮೂರು ತಾಲೂಕುಗಳಲ್ಲಿ ಮತ್ತು ಒಂದು ಮಹಾನಗರದಲ್ಲಿ ಚದುರಿಹೋದವು.

ಅಜ್ಜನ ಬಗ್ಗೆ ಮನೆಯಲ್ಲಿ ಎರಡು ಕತೆಗಳಿದ್ದವು. ಒಂದು, ಅವರು 1942ರ ಆಗಸ್ಟಿನಲ್ಲಿ ಮುಂಬಯಿಯ ಗೋವಾಲಿಯಾ ಟ್ಯಾಂಕ್ ಮೈದಾನದಲ್ಲಿ ಗಾಂಧೀಜಿಯ 'ಭಾರತ ಬಿಟ್ಟು ತೊಲಗಿ' ಭಾಷಣ ಕೇಳಿದವರು. ಎರಡು, ಮುಂಬಯಿಯಲ್ಲಿ ಅವರದೇ ಹೋಟೆಲ್ ಇತ್ತು, ಪಾಲುದಾರ ಮೋಸ ಮಾಡಿದ. ಮದುವೆ ಮನೆಗಳಲ್ಲಿ ಈ ಎರಡನ್ನೂ ಹೇಳಿ ನಾವು ಎದೆಯುಬ್ಬಿಸುತ್ತಿದ್ದೆವು.

ಅಜ್ಜಿ ತೀರಿಕೊಂಡ ಮೇಲೆ ಮೂಡುಬಿದಿರೆಯ ಮನೆಯ ಅಟ್ಟದಿಂದ ಟ್ರಂಕು ಕೆಳಗೆ ಬಂತು. ಗುಜರಿಯವನು ಅಂಗಳದಲ್ಲಿ ತಕ್ಕಡಿ ಹಿಡಿದು ನಿಂತಿದ್ದ. ಒಳಗೆ ಇದ್ದದ್ದು ಕಾಗದ. ದಾರದಲ್ಲಿ ಪೋಣಿಸಿದ ಮನಿಯಾರ್ಡರು ಚೀಟಿಗಳು, ಗೇಣಿ ರಶೀದಿಗಳು, ಒಂದಷ್ಟು ಇನ್‌ಲ್ಯಾಂಡ್ ಪತ್ರಗಳು. ನಿಮ್ಮಲ್ಲಿ ಅನೇಕರು ಮನಿಯಾರ್ಡರನ್ನು ಕಂಡಿರಲಿಕ್ಕಿಲ್ಲ. ಅಂಚೆ ಇಲಾಖೆ ಅದನ್ನು 2015ರಲ್ಲಿ ನಿಲ್ಲಿಸಿತು. ಆ ಫಾರಮಿನ ಒಂದು ತುದಿಯಲ್ಲಿ ಹಣ ಕಳಿಸಿದವನು ಎರಡು ಮಾತು ಬರೆಯಲು ಜಾಗ ಇರುತ್ತಿತ್ತು. ಪೋಸ್ಟ್‌ಮ್ಯಾನ್ ಹಣ ಕೊಟ್ಟು ಆ ತುಂಡನ್ನು ಮನೆಯವರ ಕೈಗಿಡುತ್ತಿದ್ದ. ಬೇರೆಯವರು ಅದನ್ನು ಒಲೆಗೆ ಹಾಕಿದರು. ನಮ್ಮ ಅಜ್ಜಿ ಪೋಣಿಸಿಟ್ಟರು. ಅಜ್ಜಿಗೆ ಓದಲು ಬರುತ್ತಿರಲಿಲ್ಲ ಎಂಬುದನ್ನು ನೆನಪಿಡಿ.

ಆ ಚೀಟಿಗಳನ್ನು ದಿನಾಂಕದ ಪ್ರಕಾರ ಜೋಡಿಸಿದೆ. ಮೊದಲನೆಯದು 1947ರದ್ದು, ಐದು ರೂಪಾಯಿ. ಹಾಗಾದರೆ 1942? ಬೆಳ್ತಂಗಡಿ ತಾಲೂಕಿನ ಆ ಹಳ್ಳಿಯ ಶಾಲೆಗೆ ಹೋದೆ. ಮೊದಲು ಬೋರ್ಡು ಶಾಲೆಯಾಗಿದ್ದದ್ದು ಈಗ ಸರಕಾರಿ ಶಾಲೆ. ಮುಖ್ಯೋಪಾಧ್ಯಾಯರು ಒಳ್ಳೆಯವರು, ಕಬ್ಬಿಣದ ಕಪಾಟು ತೆಗೆದು ಹಳೆಯ ದಾಖಲಾತಿ ಪುಸ್ತಕ ಕೊಟ್ಟರು. 1942ರ ಆಗಸ್ಟಿನಲ್ಲಿ ನಮ್ಮಜ್ಜ ಗೋವಾಲಿಯಾ ಟ್ಯಾಂಕಿನಲ್ಲಿರಲಿಲ್ಲ, ಬೆಳ್ತಂಗಡಿಯ ಮಳೆಯಲ್ಲಿ ಮೂರನೇ ತರಗತಿಯಲ್ಲಿ ಕೂತಿದ್ದರು. ಮರುವರ್ಷ ಶಾಲೆ ಬಿಟ್ಟರು. ಬಿಟ್ಟ ಕಾರಣದ ಅಂಕಣದಲ್ಲಿ ಮಾಸ್ತರರು ಬರೆದದ್ದು ಒಂದೇ ಶಬ್ದ, 'ಬಡತನ'.

ಒಂದು ಕತೆ ಬಿತ್ತು. ಎರಡನೆಯದೂ ನಿಲ್ಲಲಿಲ್ಲ. ಟ್ರಂಕಿನ ತಳದಲ್ಲಿ ಸಂಬಳದ ಚೀಟಿಗಳಿದ್ದವು. ಅಜ್ಜ ಹೋಟೆಲಿನ ಮೋರಿಯಲ್ಲಿ ಕಪ್ಪುಬಸಿ ತೊಳೆದರು. ಮೇಜು ಒರೆಸಿದರು. ಮಾಣಿಯಾದರು. 1948ರ ಫ್ಯಾಕ್ಟರಿ ಕಾಯಿದೆಯ ಪ್ರಕಾರ 250ಕ್ಕಿಂತ ಹೆಚ್ಚು ಕೆಲಸಗಾರರಿರುವ ಕಾರ್ಖಾನೆಗಳಲ್ಲಿ ಕ್ಯಾಂಟೀನು ಇರಬೇಕೆಂಬ ನಿಯಮ ಬಂತು. ಮುಂಬಯಿಯಲ್ಲಿ ನಮ್ಮ ಕರಾವಳಿಯ ಅನೇಕರು ಅಂಥ ಕ್ಯಾಂಟೀನುಗಳ ಗುತ್ತಿಗೆ ಹಿಡಿದರು. ಅಂಥ ಒಂದು ಕ್ಯಾಂಟೀನಿನಲ್ಲಿ ಅಜ್ಜ ಸಪ್ಲಾಯರ್. 1979ರವರೆಗೂ ಸಪ್ಲಾಯರ್. ಗಲ್ಲಾದ ಹಿಂದೆ ಅವರು ಒಂದು ದಿನವೂ ಕೂರಲಿಲ್ಲ. ಮಾಲೀಕರಾಗಿದ್ದರೆ ಅಲ್ಲಿಯವರು 'ಗುಮಾಸ್ತ ಲೈಸೆನ್ಸ್' ಎನ್ನುವ ಪರವಾನಗಿ ಅವರ ಹೆಸರಿನಲ್ಲಿರಬೇಕಿತ್ತು. ಇದ್ದದ್ದು ಹೋಟೆಲ್ ಕಾರ್ಮಿಕರ ಯೂನಿಯನ್ನಿನ ಚಂದಾ ರಶೀದಿ. ಮಂಗಳೂರಿನಿಂದ ಹೋದ ಜಾರ್ಜ್ ಫರ್ನಾಂಡಿಸ್ 1950ರ ದಶಕದಲ್ಲಿ ಮುಂಬಯಿಯ ಹೋಟೆಲ್ ಮತ್ತು ಟ್ಯಾಕ್ಸಿ ಕೆಲಸಗಾರರನ್ನು ಸಂಘಟಿಸಿದ ಕಾಲ ಅದು.

ನಮ್ಮ ಮಾವನವರಿಗೆ ಬೇಸರವಾಯಿತು. 'ಇದನ್ನೆಲ್ಲ ಯಾಕೆ ಕೆದಕಿದೆ ಮಾರಾಯ?' ಎಂದರು. ಅವರಿಗೆ ನಾನು ಗೇಣಿ ರಶೀದಿಗಳನ್ನು ತೋರಿಸಿದೆ. ಮಳೆ ಕೈಕೊಟ್ಟ ವರ್ಷಗಳಲ್ಲಿ ಧಣಿಗೆ ಅಳೆಯಬೇಕಾದ ಮುಡಿ ಅಕ್ಕಿ ಕಡಿಮೆ ಬಿದ್ದಿದೆ. ಕಡಿಮೆ ಬಿದ್ದದ್ದನ್ನು ನಗದಾಗಿ ಕಟ್ಟಿದ್ದಾರೆ. ಅದೇ ತಿಂಗಳ ಮನಿಯಾರ್ಡರು ಎಂದಿಗಿಂತ ದೊಡ್ಡದು. ಬಂಟ್ವಾಳದ ಗದ್ದೆಯಿಂದ ನಮ್ಮವರನ್ನು ಎಬ್ಬಿಸದಂತೆ ಹಿಡಿದದ್ದು ಮುಂಬಯಿಯ ಮೋರಿಯಲ್ಲಿ ಒದ್ದೆಯಾದ ಕೈ. ಆಮೇಲೆ ದೇವರಾಜ ಅರಸು ಸರಕಾರದ ತಿದ್ದುಪಡಿ ಬಂತು. 1974ರ ಮಾರ್ಚ್ 1ರಿಂದ ಗೇಣಿ ಭೂಮಿ ಸರಕಾರದ ವಶವಾಯಿತು, ಉಳುವವರು ನಮೂನೆ 7ರಲ್ಲಿ ಅರ್ಜಿ ಹಾಕಿದರು. ನಮ್ಮ ಕಡೆ ಅದಕ್ಕೆ 'ಡಿಕ್ಲರೇಶನ್ ಕೊಡುವುದು' ಎನ್ನುತ್ತಾರೆ. ಭೂನ್ಯಾಯ ಮಂಡಳಿಯ ಮುಂದೆ ಅಜ್ಜನ ತಂಗಿ ಆ ರಶೀದಿಗಳನ್ನೇ ಇಟ್ಟರು. ಗದ್ದೆ ಅವರದಾಯಿತು. ಈಗ ಹೇಳಿ, ಹೋಟೆಲ್ ಮಾಲೀಕನ ಕತೆ ದೊಡ್ಡದೋ, ಈ ಸಪ್ಲಾಯರನ ಕತೆ ದೊಡ್ಡದೋ?

ಇನ್ನು ಕನ್ನಡದ ವಿಷಯಕ್ಕೆ ಬರುತ್ತೇನೆ.

ಅಜ್ಜನ ಮನೆಮಾತು ತುಳು. 1947ರ ಚೀಟಿಗಳಲ್ಲಿರುವ ಬರಹ ಅವರದಲ್ಲ. ಯಾರೋ ಓದುಬಲ್ಲವರು ಬರೆದುಕೊಟ್ಟಿದ್ದಾರೆ, ಕೆಳಗೆ ಅಜ್ಜನ ಸೊಟ್ಟ ಸಹಿ. ಮೂರನೇ ತರಗತಿಯಲ್ಲಿ ಕಲಿತದ್ದು ಕೈಯಿಂದ ಜಾರಿತ್ತು. 1951ರಿಂದ ಬರಹ ಬದಲಾಗುತ್ತದೆ. ದೊಡ್ಡ ದೊಡ್ಡ ಅಕ್ಷರ, ಒತ್ತು ತಪ್ಪು, ದೀರ್ಘ ತಪ್ಪು. ಎರಡು ವರ್ಷ ಕಳೆಯುವಷ್ಟರಲ್ಲಿ ಅಕ್ಷರ ದುಂಡಗಾಗಿ, ಒಂದೂ ತಪ್ಪಿಲ್ಲದೆ 'ತೀರ್ಥರೂಪ ಮಾತೃಶ್ರೀಯವರಿಗೆ' ಎಂದು ಬರೆಯುತ್ತಾರೆ. ನಡುವೆ ಏನಾಯಿತು? ಉತ್ತರ ಟ್ರಂಕಿನಲ್ಲೇ ಇತ್ತು, ಮುಂಬಯಿಯ ಕನ್ನಡ ರಾತ್ರಿ ಶಾಲೆಯ ಒಂದು ಪ್ರಮಾಣಪತ್ರ.

ಈ ರಾತ್ರಿ ಶಾಲೆಗಳ ಕತೆ ನಿಮಗೆ ಗೊತ್ತಿರಬೇಕು. ಕರಾವಳಿಯಿಂದ ಹೋದವರು ಮುಂಬಯಿಯಲ್ಲಿ ಸಂಘಗಳನ್ನು ಕಟ್ಟಿದರು. 1902ರಲ್ಲಿ ಮೊಗವೀರ ವ್ಯವಸ್ಥಾಪಕ ಮಂಡಳಿ, 1927ರಲ್ಲಿ ಬಂಟರ ಸಂಘ, 1932ರಲ್ಲಿ ಬಿಲ್ಲವರ ಅಸೋಸಿಯೇಷನ್. ಇಂಥ ಸಂಘಗಳೂ ಶಿಕ್ಷಣ ಸಂಸ್ಥೆಗಳೂ ಹೋಟೆಲ್ ಹುಡುಗರಿಗಾಗಿ ಕನ್ನಡ ರಾತ್ರಿ ಶಾಲೆಗಳನ್ನು ನಡೆಸಿದವು. ಬೆಳಿಗ್ಗೆ ಕತ್ತಲಿರುವಾಗ ಎದ್ದು ಒಲೆ ಹಚ್ಚಿದ ಹುಡುಗ ಸಂಜೆ ಕೈ ತೊಳೆದು, ಸ್ಲೇಟು ಹಿಡಿದು ಬೆಂಚಿನಲ್ಲಿ ಕೂರುತ್ತಿದ್ದ. ಅಲ್ಲಿಂದ ಮೇಲೆ ಬಂದು ಗುಮಾಸ್ತರಾದವರು, ವಕೀಲರಾದವರು, ಲೇಖಕರಾದವರು ಇದ್ದಾರೆ. ನಮ್ಮಜ್ಜ ಅಷ್ಟು ದೂರ ಹೋಗಲಿಲ್ಲ. ತಾಯಿಗೆ ಸ್ವಂತ ಕೈಯಿಂದ ಕಾಗದ ಬರೆಯುವಷ್ಟು ಕಲಿತರು. ಸರಕಾರ ಕಲಿಸಲಿಲ್ಲ, ಕಾನೂನು ಒತ್ತಾಯಿಸಲಿಲ್ಲ, ಮರಾಠಿ ನಾಡಿನಲ್ಲಿ ಕನ್ನಡದಿಂದ ನೌಕರಿಯೂ ಸಿಗುತ್ತಿರಲಿಲ್ಲ. ಆದರೂ ಕಲಿತರು.

ಹೀಗೆ ಕಲಿತು ಬರೆದ ಚೀಟಿಯೊಂದರ ಫೋಟೋ ತೆಗೆದು ನಮ್ಮ ಮನೆಯ ಹತ್ತೊಂಬತ್ತು ವರ್ಷದ ಹುಡುಗಿಗೆ ಫೋನಿನಲ್ಲಿ ಕಳಿಸಿದೆ. ಬೆಂಗಳೂರಿನಲ್ಲಿ ಹುಟ್ಟಿ ಬೆಳೆದವಳು, ಜಾಣೆ. ಅವಳ ಉತ್ತರ ಬಂತು: 'ಮಾಮ, ಇದರಲ್ಲಿ ಏನು ಬರೆದಿದೆ ಅಂತ ಇಂಗ್ಲಿಷಿನಲ್ಲಿ ಹೇಳಿ.'

ನನಗೆ ಸಿಟ್ಟು ಬರಲಿಲ್ಲ, ಭಯವಾಯಿತು. ಹೋಟೆಲಿನ ಮೋರಿಯ ಪಕ್ಕದಿಂದ ಎದ್ದುಹೋಗಿ ಕಲಿತ ಅಕ್ಷರ ಎರಡು ತಲೆಮಾರು ದಾಟುವಷ್ಟರಲ್ಲಿ ಸ್ವಂತ ಮನೆಯಲ್ಲೇ ಪರಭಾಷೆಯಾಯಿತು. ಅವಳ ತಪ್ಪೇನಿದೆ? ಫೀಸು ಕಟ್ಟಿ ಕನ್ನಡ ಬಾರದಂತೆ ಬೆಳೆಸಿದವರು ನಾವು.

ಇನ್ನೊಂದು ಪತ್ರದ ಬಗ್ಗೆ ಹೇಳಬೇಕು. 1969ರ ಫೆಬ್ರವರಿಯದ್ದು. ಬೆಳಗಾವಿ ಗಡಿಯ ಹೆಸರಿನಲ್ಲಿ ಶಿವಸೇನೆಯ ಚಳವಳಿಗೆ ಮುಂಬಯಿ ಹೊತ್ತಿ ಉರಿದ ತಿಂಗಳು ಅದು. ದಕ್ಷಿಣದವರ ಹೋಟೆಲುಗಳಿಗೆ ಕಲ್ಲು ಬಿತ್ತು. ಅಜ್ಜ ಬರೆಯುತ್ತಾರೆ: ಶಟರ್ ಎಳೆದು ಒಳಗೇ ಇದ್ದೇವೆ, ಗಾಬರಿ ಬೇಡ, ಪಕ್ಕದ ಮರಾಠಿ ಮನೆಯವರು ಎರಡು ದಿನ ಊಟ ಕೊಟ್ಟರು. ಅಜ್ಜ ಮರಾಠಿಯನ್ನು ಚೆನ್ನಾಗಿ ಕಲಿತಿದ್ದರು. ಅನ್ನ ಕೊಟ್ಟ ಊರಿನ ಮಾತು ಕಲಿತರು, ತಮ್ಮ ಕನ್ನಡವನ್ನೂ ಬಿಡಲಿಲ್ಲ, ಊರಿಗೆ ಬಂದರೆ ತುಳುವಿನಲ್ಲೇ ನಗುತ್ತಿದ್ದರು.

ನಾಳೆ ನೀವು ಬೀದಿಗಿಳಿದಾಗ ಈ ಪತ್ರ ನೆನಪಿರಲಿ. ಕನ್ನಡ ನಾಡಿಗೆ ದುಡಿಯಲು ಬಂದವರಿಗೆ ಕನ್ನಡ ಕಲಿಯಿರಿ ಎಂದು ಗಟ್ಟಿಯಾಗಿ ಕೇಳೋಣ. ಅದು ನ್ಯಾಯ, ನಮ್ಮಜ್ಜಂದಿರು ಹೋದ ಊರಿನಲ್ಲಿ ಅದನ್ನೇ ಮಾಡಿದರು. ಆದರೆ ಹೋಟೆಲಿನ ಪಾತ್ರೆ ತೊಳೆಯುವ ಹುಡುಗನ ಮೇಲೆ ಕೈ ಎತ್ತುವ ಮೊದಲು, ಶಟರಿನ ಒಳಗೆ ಕೂತಿದ್ದವನು ಯಾರ ಅಜ್ಜ ಎಂದು ಯೋಚಿಸಿ. ಕೇಳಬೇಕಾದದ್ದು ಸರಕಾರವನ್ನು ಮತ್ತು ದೊಡ್ಡ ಮಾಲೀಕರನ್ನು. ಬಡ ಸಂಘಗಳು ಆವತ್ತು ರಾತ್ರಿ ಶಾಲೆ ನಡೆಸಿದವು, ಇವತ್ತು ಕೋಟಿಗಟ್ಟಲೆ ವಹಿವಾಟಿನವರು ತಮ್ಮ ಕೆಲಸಗಾರರಿಗೆ ಸಂಜೆಯ ಒಂದು ಕನ್ನಡ ತರಗತಿ ನಡೆಸಲು ಏನು ಕಷ್ಟ?

ನೀವೂ ನಿಮ್ಮ ಅಜ್ಜ ಅಜ್ಜಿಯರನ್ನು ಹುಡುಕಿ. ಮೊದಲು ಮನೆಯ ಹಿರಿಯರನ್ನು ಕೇಳಿ, ಕೇಳಿದ್ದನ್ನು ಬರೆದಿಡಿ, ಆದರೆ ಕಾಗದದೊಂದಿಗೆ ತಾಳೆ ನೋಡದೆ ನಂಬಬೇಡಿ. ಹಳ್ಳಿಯ ಶಾಲೆಯ ದಾಖಲಾತಿ ಪುಸ್ತಕ ನೋಡಿ. ಅದರಲ್ಲಿರುವ ಹುಟ್ಟಿದ ತಾರೀಕನ್ನು ಮಾತ್ರ ಪೂರ್ತಿ ನಂಬಬೇಡಿ, ಎಷ್ಟೋ ಮಕ್ಕಳಿಗೆ ಮಾಸ್ತರರೇ ತಾರೀಕು ಕೊಟ್ಟಿದ್ದಾರೆ. ಉಪನೋಂದಣಿ ಕಚೇರಿಯಲ್ಲಿ ಗೇಣಿ ಚೀಟು, ಪಾಲುಪಟ್ಟಿ ಸಿಗುತ್ತವೆ. ಅಳಿಯಸಂತಾನದ ಮನೆಗಳಲ್ಲಿ 1949ರ ಮದ್ರಾಸ್ ಕಾಯಿದೆಯ ನಂತರದ ಪಾಲುಪಟ್ಟಿಗಳಲ್ಲಿ ಕವರು ಕವರಾಗಿ ಇಡೀ ಕುಟುಂಬದ ಹೆಸರುಗಳಿರುತ್ತವೆ. ಅಲ್ಲಿ ಅಪ್ಪನ ಹೆಸರು ಹಿಡಿದು ಹುಡುಕಿದರೆ ದಾರಿ ತಪ್ಪುತ್ತೀರಿ, ತಾಯಿಯ ಹೆಸರು ಹಿಡಿಯಿರಿ. ತಾಲೂಕು ಕಚೇರಿಯಲ್ಲಿ ಭೂನ್ಯಾಯ ಮಂಡಳಿಯ ಕಡತ ಕೇಳಿ. ಕೊಡದಿದ್ದರೆ 2005ರ ಮಾಹಿತಿ ಹಕ್ಕು ಕಾಯಿದೆ ಇದೆ. ನಮ್ಮ ಜಿಲ್ಲೆ 1956ರ ನವೆಂಬರ್ 1ರವರೆಗೆ ಮದ್ರಾಸಿಗೆ ಸೇರಿತ್ತು, ಅಲ್ಲಿಯವರೆಗಿನ ಸರಕಾರಿ ದಾಖಲೆಗಳಿಗಾಗಿ ಚೆನ್ನೈಯ ಪತ್ರಾಗಾರಕ್ಕೂ ಹೋಗಬೇಕಾದೀತು.

ಇಷ್ಟೆಲ್ಲಕ್ಕೂ ಒಂದು ಕೀಲಿಕೈ ಬೇಕು. ಶ್ಯಾನುಭಾಗರ ಕೂಡಕ್ಷರ, ಕನ್ನಡ ಅಂಕಿ, ರೂಪಾಯಿ-ಆಣೆ-ಪೈ ಲೆಕ್ಕ. ಮದ್ರಾಸಿನ ಆಳ್ವಿಕೆಯಲ್ಲೂ ನಮ್ಮ ಜಿಲ್ಲೆಯ ಹಳ್ಳಿಯ ಕಂದಾಯ ಲೆಕ್ಕ ಕನ್ನಡದಲ್ಲೇ ನಡೆಯಿತು. ಕನ್ನಡ ಓದಲು ಬಾರದವನಿಗೆ ಅವನ ಮನೆತನದ ದುಡಿಮೆಯ ಲೆಕ್ಕವೇ ಮುಚ್ಚಿದ ಬಾಗಿಲು.

ಕಾಗದ ಉಳಿಸುವುದೂ ನಮಗೆ ಹೊಸತಲ್ಲ. ಮೂಡುಬಿದಿರೆಯ ಬಸದಿಯಲ್ಲಿ ಧವಲಾ ಗ್ರಂಥದ ತಾಳೆಗರಿಗಳನ್ನು ಶತಮಾನಗಳ ಕಾಲ ಕಾಪಾಡಿದರು. ಭಾಷೆ ಪ್ರಾಕೃತ, ಅಕ್ಷರ ಹಳಗನ್ನಡದ್ದು. ಆ ಗರಿಗಳು ಉಳಿದದ್ದರಿಂದಲೇ 1939ರಿಂದ ಆ ಗ್ರಂಥ ಅಚ್ಚಾಗಿ ಲೋಕಕ್ಕೆ ಸಿಕ್ಕಿತು. ಬಂಟ್ವಾಳದ ಬಿ.ಸಿ. ರೋಡಿನಲ್ಲಿ ರಾಣಿ ಅಬ್ಬಕ್ಕ ತುಳು ಅಧ್ಯಯನ ಕೇಂದ್ರದವರು ಸಾಮಾನ್ಯರ ಮನೆಯ ಪಾತ್ರೆ ಪರಡಿ, ನೇಗಿಲು ನೊಗಗಳನ್ನು ಜೋಪಾನ ಮಾಡಿದ್ದಾರೆ. ಆದರೆ ಒಂದು ಕಚೇರಿಯಲ್ಲಿ ನಾನು ಹಳೆಯ ಕಡತ ಕೇಳಿದಾಗ, 'ಗೆದ್ದಲು ಹಿಡಿದಿತ್ತು, ರದ್ದಿಗೆ ಹಾಕಿದೆವು' ಎಂಬ ಉತ್ತರ ಬಂತು. ಬಡವರ ದಾಖಲೆಗೆ ಗೆದ್ದಲು ಬಹಳ ಬೇಗ ಹಿಡಿಯುತ್ತದೆ. ನಮ್ಮ ಬೇಡಿಕೆಪಟ್ಟಿಯಲ್ಲಿ ಇದೂ ಸೇರಲಿ: ಪ್ರತಿ ತಾಲೂಕಿನ ಹಳೆಯ ಕನ್ನಡ ಕಡತಗಳನ್ನು ಸುಡದೆ, ಮಾರದೆ, ಜನರ ಕೈಗೆಟುಕುವಂತೆ ಇಡಬೇಕು.

ಆ ಹುಡುಗಿಯ ಮಾತು ಮುಗಿಸಿಬಿಡುತ್ತೇನೆ. ನಾನು ಅವಳಿಗೆ ಇಂಗ್ಲಿಷಿನಲ್ಲಿ ಹೇಳಲಿಲ್ಲ. 'ಭಾನುವಾರ ಮನೆಗೆ ಬಾ, ಕೂತು ಓದೋಣ' ಎಂದೆ. ಬಂದಳು. ಈಗ ನಾಲ್ಕು ತಿಂಗಳಾಯಿತು, ಬೆರಳಿಟ್ಟು ಒಂದೊಂದೇ ಅಕ್ಷರ ಓದುತ್ತಾಳೆ. 1951ರ ಚೀಟಿಗಳೇ ಅವಳಿಗೆ ಸುಲಭ, ಏಕೆಂದರೆ ಅಜ್ಜನೂ ಆಗ ಕಲಿಯುತ್ತಿದ್ದರು.

ಮುಂದಿನ ಸಲ ಊರಿಗೆ ಹೋದಾಗ ಅಟ್ಟ ಹತ್ತಿ. ಗುಜರಿಯವನಿಗಿಂತ ಮೊದಲು ಹತ್ತಿ.