ನಾಯಿಮರಿಯ ಕಚ್ಚುವ ಚಾಳಿ: ತೋಟದ ಮನೆಯವರು ಗಮನಿಸಬೇಕಾದ ಅಂಶಗಳು

(ಸಕಲೇಶಪುರ–ಆಲೂರು ಭಾಗದ ಬೆಳೆಗಾರರ ಸಭೆಯೊಂದರಲ್ಲಿ ಬೇಸಾಯಶಾಸ್ತ್ರದ ಉಪನ್ಯಾಸಕರೊಬ್ಬರು ಮಾಡಿದ ಭಾಷಣದ ಪಠ್ಯ)



ಬೇಸಾಯಶಾಸ್ತ್ರದ ಮೇಷ್ಟರು ನಾಯಿಮರಿಯ ವಿಷಯ ಮಾತನಾಡಲು ಏಕೆ ಬಂದರು ಎಂದು ತಮಗೆ ಆಶ್ಚರ್ಯವಾಗಬಹುದು. ನಾನು ಪಶುವೈದ್ಯನಲ್ಲ. ಆದರೆ ಕೀಟನಾಶಕಗಳನ್ನು ಎಚ್ಚರಿಕೆಯಿಂದ ಬಳಸಿ ಎಂದು ವರ್ಷಗಟ್ಟಲೆ ಪಾಠ ಹೇಳಿದ ನನ್ನ ಮನೆಯಲ್ಲೇ ಒಂದು ಅಚಾತುರ್ಯ ನಡೆದುಹೋಯಿತು. ಅದರಿಂದ ನಾನು ಕಲಿತದ್ದನ್ನು ತಮ್ಮ ಮುಂದಿಡಲು ಬಂದಿದ್ದೇನೆ.

ಆಲೂರು ಕಡೆಯ ನಮ್ಮ ತೋಟದ ಮನೆಗೆ ಎರಡು ತಿಂಗಳ ಲ್ಯಾಬ್ರಡಾರ್ ಮರಿಯೊಂದನ್ನು ತಂದೆವು. ಅದು ಕಂಡದ್ದಕ್ಕೆಲ್ಲ ಬಾಯಿ ಹಾಕುತ್ತಿತ್ತು. ಕಚ್ಚಿಕೊಂಡಿರಲಿ ಎಂದು ನಾನೇ ಒಂದು ಹಳೆಯ ಚಪ್ಪಲಿ ಕೊಟ್ಟೆ. ಕಾಂಡಕೊರಕಕ್ಕೆ ಔಷಧಿ ಹೊಡೆದ ದಿನ ಸಂಜೆ, ತೊಳೆಯದ ರಬ್ಬರ್ ಕೈಗವಸುಗಳನ್ನು ಜಗಲಿಯ ಮೇಲೆ ಬಿಟ್ಟಿದ್ದೆ. ಮರಿಗೆ ಅದೂ ಚಪ್ಪಲಿಯಂತೆಯೇ ಕಂಡಿತು. ಸ್ವಲ್ಪ ಹೊತ್ತಿನಲ್ಲೇ ಬಾಯಿಂದ ಜೊಲ್ಲು ಸುರಿಯತೊಡಗಿತು. ವಾಂತಿಯಾಯಿತು, ಮೈ ನಡುಗಿತು, ಕಾಲು ನಿಲ್ಲಲಿಲ್ಲ. ಔಷಧಿಯ ಬಾಟಲಿಯನ್ನೂ ಜೊತೆಗೆ ಹಿಡಿದುಕೊಂಡು ಪಶು ಆಸ್ಪತ್ರೆಗೆ ಓಡಿದೆ. ಅದು ಆರ್ಗನೊಫಾಸ್ಫೇಟ್ ಗುಂಪಿನ ವಿಷವೆಂದು ಚೀಟಿ ನೋಡಿದೊಡನೆ ತಿಳಿದ ವೈದ್ಯರು ಅಟ್ರೊಪಿನ್ ಚುಚ್ಚುಮದ್ದು ಕೊಟ್ಟರು. ಮರಿ ಬದುಕಿತು. ಇದರಲ್ಲಿ ಮರಿಯ ತಪ್ಪೇನೂ ಇರಲಿಲ್ಲ. ಚಪ್ಪಲಿ ಕಚ್ಚುವುದನ್ನು ಕಲಿಸಿದವನು ನಾನು, ಕೈಗವಸನ್ನು ಅದರ ಬಾಯಿಗೆ ಎಟುಕುವಂತೆ ಬಿಟ್ಟವನೂ ನಾನು.

ಈ ಸೀಮೆಗೂ ಬೇಟೆನಾಯಿಗಳಿಗೂ ಹಳೆಯ ನಂಟಿದೆ. ಮಂಜರಾಬಾದಿನಲ್ಲಿ ಕಾಫಿ ಬೆಳೆಸಿದ ರಾಬರ್ಟ್ ಎಲಿಯಟ್ ಎಂಬ ಬ್ರಿಟಿಷ್ ಬೆಳೆಗಾರ 1894ರಲ್ಲಿ ಪ್ರಕಟಿಸಿದ ತನ್ನ ಪುಸ್ತಕದ ಹೆಸರಿನಲ್ಲೇ ಚಿನ್ನ ಮತ್ತು ಕಾಫಿಯ ಜೊತೆಗೆ ಷಿಕಾರಿಯನ್ನೂ ಸೇರಿಸಿದ್ದ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಿಂದ ಆ ಷಿಕಾರಿ ಮುಗಿಯಿತು, ಮುಗಿದದ್ದು ಒಳ್ಳೆಯದೇ. ಆದರೆ ಕೋವಿಯ ಜೊತೆ ಹೋಗಲೆಂದು ಬೆಳೆಸಿದ ಲ್ಯಾಬ್ರಡಾರ್, ಸ್ಪ್ಯಾನಿಯಲ್ ಜಾತಿಗಳು ಇಂದಿಗೂ ಮನೆ ಕಾಯಲು, ಮಕ್ಕಳ ಜೊತೆಗಿರಲು ನಮ್ಮ ಅಂಗಳಕ್ಕೆ ಬರುತ್ತವೆ. ಬಿದ್ದ ಹಕ್ಕಿಯನ್ನು ಹಲ್ಲು ನಾಟಿಸದೆ ಎತ್ತಿ ತಂದು ಯಜಮಾನನ ಕೈಗೊಪ್ಪಿಸುವುದು ಇವುಗಳ ಕಸುಬಾಗಿತ್ತು. ಇದನ್ನೇ 'ಮೃದು ಬಾಯಿ' ಎನ್ನುತ್ತಾರೆ. ಆದ್ದರಿಂದ ಇಂತಹ ಮರಿ ಸಿಕ್ಕಿದ್ದನ್ನು ಬಾಯಲ್ಲಿ ಹೊತ್ತು ತಿರುಗಿದರೆ ಅದು ತುಂಟತನವಲ್ಲ, ಹುಟ್ಟುಗುಣ. ಅದನ್ನು ಹೊಡೆದು ಬಿಡಿಸಲಾಗದು, ತಿದ್ದಿ ದಾರಿಗೆ ತರಬಹುದು.

ಮರಿ ಕಚ್ಚುವುದೇಕೆ?

ನಾಯಿಮರಿಗೆ 28 ಹಾಲುಹಲ್ಲುಗಳಿರುತ್ತವೆ. ಸುಮಾರು ನಾಲ್ಕನೆಯ ತಿಂಗಳಿನಿಂದ ಇವು ಉದುರಿ, ಆರೇಳು ತಿಂಗಳಾಗುವಷ್ಟರಲ್ಲಿ 42 ಶಾಶ್ವತ ಹಲ್ಲುಗಳು ಬರುತ್ತವೆ. ಈ ಅವಧಿಯಲ್ಲಿ ವಸಡು ನವೆಯಾಗಿ ನೋಯುವುದರಿಂದ ಅಗಿಯುವ ಚಪಲ ಹೆಚ್ಚು. ಇದಲ್ಲದೆ ಮರಿಗೆ ಕೈಗಳಿಲ್ಲ. ಲೋಕವನ್ನು ಅದು ಬಾಯಿಂದಲೇ ಮುಟ್ಟಿ ತಿಳಿಯಬೇಕು. ಎಷ್ಟು ಕಚ್ಚಿದರೆ ನೋವಾಗುತ್ತದೆ ಎಂಬ ಪಾಠವನ್ನು ಅದು ಮೊದಲು ಕಲಿಯುವುದು ತಾಯಿ ಮತ್ತು ಒಡಹುಟ್ಟಿದ ಮರಿಗಳ ಜೊತೆ ಆಡುವಾಗ. ಆದಕಾರಣ ಎಂಟು ವಾರ ತುಂಬುವ ಮೊದಲು ಮರಿಯನ್ನು ತಾಯಿಯಿಂದ ಅಗಲಿಸಬಾರದು. ಉಳಿದ ಪಾಠ ನಮ್ಮ ಮನೆಯಲ್ಲಿ ನಡೆಯಬೇಕು.

ತಿದ್ದುವ ಕ್ರಮ

ಮರಿ ಕೈ ಕಚ್ಚಿದರೆ ಕೈಯನ್ನು ಸರಕ್ಕನೆ ಎಳೆಯಬೇಡಿ, ಎಳೆದರೆ ಅದಕ್ಕೆ ಆಟವೆನಿಸುತ್ತದೆ. ಆಟ ನಿಲ್ಲಿಸಿ, ಮಾತನಾಡದೆ ಎದ್ದು ಹೋಗಿ. ಅರ್ಧ ನಿಮಿಷ ಬಿಟ್ಟು ಬಂದು ಕಚ್ಚಲು ಯೋಗ್ಯವಾದ ವಸ್ತುವನ್ನು ಕೊಡಿ. ಕಚ್ಚಿದರೆ ಆಟ ನಿಲ್ಲುತ್ತದೆ ಎಂಬುದು ಕೆಲವು ವಾರಗಳಲ್ಲಿ ಅದಕ್ಕೆ ಅರಿವಾಗುತ್ತದೆ. ಮನೆಯವರೆಲ್ಲ ಒಂದೇ ರೀತಿ ನಡೆದುಕೊಳ್ಳುವುದು ಅತ್ಯವಶ್ಯ. ಅಪ್ಪ ಗದರಿಸಿ, ಮಗ ಕೈಬೆರಳು ಕಚ್ಚಿಸಿ ಆಡಿಸಿದರೆ ಪಾಠ ಕೆಡುತ್ತದೆ.

ಮೂತಿಗೆ ಹೊಡೆಯುವುದು ದೊಡ್ಡ ತಪ್ಪು. ಹೊಡೆಸಿಕೊಂಡ ಮರಿ ಮನುಷ್ಯನ ಕೈ ಕಂಡರೆ ಹೆದರುತ್ತದೆ. ಹೆದರಿದ ನಾಯಿ ಬೆಳೆದ ಮೇಲೆ ಗುರ್ರೆನ್ನದೆಯೂ ಕಚ್ಚಬಹುದು. ಬಾಯಲ್ಲಿರುವುದನ್ನು ಅಟ್ಟಿಸಿಕೊಂಡು ಹೋಗಿ ಕಸಿದರೆ ಮರಿ ಅದನ್ನು ಅಡಗಿಸಲು ಕಲಿಯುತ್ತದೆ, ಇಲ್ಲವೇ ನುಂಗಿಬಿಡುತ್ತದೆ. ಬದಲಿಗೆ ಹತ್ತಿರ ಕರೆದು, ಬೆನ್ನು ಸವರಿ, ಒಂದು ತುಣುಕು ತಿಂಡಿ ಕೊಟ್ಟು ಬದಲಾಯಿಸಿಕೊಳ್ಳಿ. ತಂದುಕೊಟ್ಟರೆ ಲಾಭ ಎಂದು ತಿಳಿದ ನಾಯಿ, ಮುಂದೊಂದು ದಿನ ವಿಷದ ಪೊಟ್ಟಣ ಬಾಯಲ್ಲಿದ್ದರೂ ತಂದು ನಿಮ್ಮ ಕೈಗೇ ಹಾಕುತ್ತದೆ. ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೆ?

ಕಚ್ಚಲು ಏನು ಕೊಡಬಹುದು?

1. ದಪ್ಪ ಹತ್ತಿ ಬಟ್ಟೆಯನ್ನು ಹುರಿ ಮಾಡಿ ಗಂಟು ಹಾಕಿ, ನೀರಿನಲ್ಲಿ ನೆನೆಸಿ ತಂಪು ಮಾಡಿ ಕೊಡಬಹುದು. ವಸಡಿಗೆ ಹಿತವಾಗುತ್ತದೆ. ಎಳೆ ಬಿಟ್ಟರೆ ಎಸೆಯಬೇಕು.

2. ನಾಯಿಗಾಗಿಯೇ ಮಾಡಿದ ಟೊಳ್ಳಾದ ಗಟ್ಟಿ ರಬ್ಬರ್ ಆಟಿಕೆ. ಒಳಗೆ ಸ್ವಲ್ಪ ರಾಗಿಮುದ್ದೆ ತುಂಬಿ ಕೊಟ್ಟರೆ ಮರಿ ಬಹಳ ಹೊತ್ತು ಅದರಲ್ಲೇ ತೊಡಗಿರುತ್ತದೆ.

ಆಟಿಕೆ ಪೂರ್ತಿಯಾಗಿ ಬಾಯೊಳಗೆ ಹೋಗದಷ್ಟು ದೊಡ್ಡದಿರಬೇಕು. ಹೆಬ್ಬೆರಳಿನ ಉಗುರು ಒತ್ತಿದರೆ ಸ್ವಲ್ಪ ತಗ್ಗುವಷ್ಟು ಮೆದುವಿರಬೇಕು. ಅದಕ್ಕಿಂತ ಗಟ್ಟಿಯಾದದ್ದು ಹಲ್ಲು ಮುರಿಯಬಹುದು. ಹೊರದೇಶಗಳಲ್ಲಿ ಕಾಫಿ ಗಿಡದ ಕೊರಡನ್ನು ತೊಗಟೆ ತೆಗೆದು, ನುಣುಪು ಮಾಡಿ ನಾಯಿಗಳಿಗೆಂದು ಮಾರುತ್ತಾರೆ. ಹಾಗೆಂದು ನಮ್ಮ ತೋಟದಲ್ಲಿ ಸವರಿ ಹಾಕಿದ ರೆಂಬೆಯನ್ನು ಎತ್ತಿ ಕೊಡಬೇಡಿ. ಅದರ ಮೇಲೆ ಔಷಧಿಯ ಶೇಷವಿರಬಹುದು, ಹಾಲುಹಲ್ಲಿಗೆ ಅದು ಬಲು ಗಟ್ಟಿ ಕೂಡ.

ಬೇಯಿಸಿದ ಕೋಳಿ ಮೂಳೆ ಮತ್ತು ಬಿದಿರಿನ ತುಂಡು ಸಿಗುರೊಡೆದು ಕರುಳಿಗೆ ಚುಚ್ಚಬಹುದು. ತೆಂಗಿನ ನಾರು, ಪ್ಲಾಸ್ಟಿಕ್ ಚೀಲದ ಎಳೆಗಳು ಕರುಳಿನಲ್ಲಿ ಸಿಕ್ಕಿಕೊಳ್ಳುತ್ತವೆ. ಇವು ಬೇಡ. ಹಳೆಯ ಚಪ್ಪಲಿಯಂತೂ ಬೇಡವೇ ಬೇಡ. ಹಳೆಯದು ಯಾವುದು, ಹೊಸದು ಯಾವುದು ಎಂಬ ಭೇದ ಮರಿಗೆ ತಿಳಿಯದು.

ಎಟುಕದಂತೆ ಇಡಬೇಕಾದವು

ತೋಟದ ಮನೆಯಲ್ಲಿ ಪೇಟೆಮನೆಗಿಂತ ಅಪಾಯ ಹೆಚ್ಚು. ಬೋರ್ಡೋ ದ್ರಾವಣಕ್ಕೆ ತಂದ ಮೈಲುತುತ್ತ, ಇಲಿ ಪಾಷಾಣ, ಗೊಬ್ಬರದ ಚೀಲ, ಸಿಂಪಡಣೆ ಯಂತ್ರದ ಕೊಳವೆ, ಮೋಟಾರಿನ ವಿದ್ಯುತ್ ತಂತಿ, ಎಲ್ಲವೂ ಮರಿಗೆ ಆಟಿಕೆಗಳೇ. ಮಳೆಗಾಲದಲ್ಲಿ ಆಫ್ರಿಕದ ದೈತ್ಯ ಬಸವನಹುಳುವಿಗೆ ಇಡುವ ಮೆಟಾಲ್ಡಿಹೈಡ್ ಗುಳಿಗೆಯನ್ನು ನಾಯಿಗಳು ಆಸೆಪಟ್ಟು ತಿನ್ನುತ್ತವೆ. ಅದು ಪ್ರಾಣಾಂತಕ. ಕೊಯ್ಲಿನ ಕಾಲದಲ್ಲಿ ಕಣದ ಕಾಫಿ ಹಣ್ಣನ್ನೂ ಮರಿ ತಿನ್ನದಂತೆ ನೋಡಿಕೊಳ್ಳಿ, ಕೆಫೀನ್ ನಾಯಿಗೆ ವಿಷ. ಇವೆಲ್ಲವನ್ನೂ ಬೀಗ ಹಾಕಿದ ಕೋಣೆಯಲ್ಲಿಡುವುದು ಮಕ್ಕಳ ದೃಷ್ಟಿಯಿಂದಲೂ ಅವಶ್ಯ. ಮರಿಗೆ ಎಟುಕುವುದು ಅಂಬೆಗಾಲಿಡುವ ಮಗುವಿಗೂ ಎಟುಕುತ್ತದೆ. ವಿಷ ತಿಂದ ಅನುಮಾನ ಬಂದರೆ ಮನೆಮದ್ದು ಮಾಡುತ್ತಾ ಕೂರದೆ, ಪೊಟ್ಟಣದ ಸಮೇತ ಪಶುವೈದ್ಯರಲ್ಲಿಗೆ ಹೋಗಿ.

ಮರಿಯ ಹಲ್ಲು ತಾಗಿದರೆ

ಕಡೆಯದಾಗಿ ಅತಿ ಮುಖ್ಯವಾದ ವಿಷಯ. "ಮರಿ ತಾನೆ, ಆಟಕ್ಕೆ ಕಚ್ಚಿತು" ಎಂಬ ಮಾತನ್ನು ಲೈನ್ ಮನೆಗಳಲ್ಲಿಯೂ ದೊಡ್ಡ ಮನೆಗಳಲ್ಲಿಯೂ ಕೇಳಿದ್ದೇನೆ. ರೇಬೀಸ್ ಎಂಬ ಹುಚ್ಚುನಾಯಿ ರೋಗ ಮರಿಗಳಿಗೂ ಬರುತ್ತದೆ. ರೋಗದ ಲಕ್ಷಣ ಕಾಣಿಸಿಕೊಂಡ ಮೇಲೆ ಉಳಿಸುವ ಚಿಕಿತ್ಸೆಯಿಲ್ಲ. ಹಲ್ಲು ತಾಗಿ ಚರ್ಮ ಗೀರಿದರೂ ಸಾಕು, ಸಾಬೂನು ಹಚ್ಚಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆಯಿರಿ. ಅರಿಶಿನ, ಸುಣ್ಣ, ಕಾಫಿ ಪುಡಿ ಹಚ್ಚಬೇಡಿ. ಅಂದೇ ಸರ್ಕಾರಿ ಆಸ್ಪತ್ರೆಗೆ ಹೋಗಿ, ವೈದ್ಯರು ಹೇಳಿದ ದಿನಗಳಂದು ಎಲ್ಲ ಚುಚ್ಚುಮದ್ದುಗಳನ್ನೂ ತಪ್ಪದೆ ಹಾಕಿಸಿಕೊಳ್ಳಿ. ಮರಿಗೆ ಮೂರು ತಿಂಗಳಾದೊಡನೆ ರೇಬೀಸ್ ಲಸಿಕೆ ಹಾಕಿಸಿ, ನಂತರ ಪಶುವೈದ್ಯರ ಸಲಹೆಯಂತೆ ಮುಂದುವರಿಸಿ. ಚಿಕ್ಕ ಮಕ್ಕಳನ್ನೂ ಮರಿಯನ್ನೂ ದೊಡ್ಡವರಿಲ್ಲದೆ ಒಟ್ಟಿಗೆ ಬಿಡಬೇಡಿ.

ಬಾಂಧವರೇ, ಕಾಫಿ ಸಸಿ ನೆಟ್ಟ ಮೊದಲ ವರ್ಷ ನಾವು ನೆರಳು ಕಟ್ಟಿ, ಕಳೆ ತೆಗೆದು ಕಾಯುತ್ತೇವೆ. ಫಸಲು ಕೊಡುವ ಗಿಡ ಆಗುವುದು ಆ ಆರೈಕೆಯಿಂದ. ನಾಯಿಮರಿಗೂ ಮೊದಲ ಆರು ತಿಂಗಳು ಅಂತಹದೇ ಕಾಲ. ನಮ್ಮ ಮರಿ ಈಗ ದೊಡ್ಡದಾಗಿದೆ. ಬೆಳಿಗ್ಗೆ ಪೇಪರನ್ನು ಹರಿಯದೆ ತಂದು ಕೈಗೆ ಕೊಡುತ್ತದೆ. ನಮ್ಮ ಕೈಗವಸುಗಳು ಈಗ ಬೀಗದ ಕೋಣೆಯಲ್ಲಿರುತ್ತವೆ.