ಚಿತ್ರದ ಹಿಂದಿನ ಸತ್ಯ



ನಿಮ್ಮಲ್ಲಿ ಕೆಲವರು ಮರ್ಫಿ ಟೌನ್‌ನಿಂದ ಹಲಸೂರು ಕೆರೆಯ ದಂಡೆಗೆ ನಡೆದು ಹೋಗಿರಬಹುದು. 2016ರ ಮಾರ್ಚ್ ತಿಂಗಳಲ್ಲಿ ಆ ಕೆರೆಯಲ್ಲಿ ಸಾವಿರಾರು ಮೀನುಗಳು ಸತ್ತು ತೇಲಿದವು. ಜನ ಅದನ್ನು ಟಿ.ವಿ.ಯಲ್ಲೂ ನೋಡಿ ಮರುಗಿದರು. ಅದು ಸುದ್ದಿ. ಆದರೆ ತನಿಖಾ ವರದಿಗಾರನ ಕೆಲಸ ಅಲ್ಲಿಂದ ಮುಂದೆ ಆರಂಭವಾಗುತ್ತದೆ.

ಕೊಳಚೆ ನೀರು ಕೆರೆಗೆ ಸೇರಿದಾಗ, ಅದನ್ನು ಕೊಳೆಯಿಸುವ ಸೂಕ್ಷ್ಮಜೀವಿಗಳು ನೀರಿನಲ್ಲಿ ಕರಗಿರುವ ಆಮ್ಲಜನಕವನ್ನು ಹೀರಿಬಿಡುತ್ತವೆ. ಮೀನಿಗೆ ಉಸಿರು ಕಟ್ಟುತ್ತದೆ. ಹಾಗಾದರೆ ಕೊಳಚೆ ಯಾವ ಕಾಲುವೆಯಿಂದ ಬಂತು? ತಡೆಯಬೇಕಾದವರು ಯಾರು? ಕಡತದಲ್ಲಿ ಏನಿದೆ? ಚಿತ್ರ ಈ ಪ್ರಶ್ನೆಗಳನ್ನು ಹುಟ್ಟಿಸಬಲ್ಲದು, ಉತ್ತರಿಸಲಾರದು. ಉತ್ತರಕ್ಕೆ ದಾಖಲೆ, ಪರೀಕ್ಷೆ, ಸಾಕ್ಷಿ ಬೇಕು. ಆರೋಪಕ್ಕೆ ಗುರಿಯಾದವರ ಮಾತನ್ನೂ ಕೇಳಬೇಕು. ಕನ್ನಡ ಟಿ.ವಿ.ಯಲ್ಲಿ ಇಂಥ ವರದಿಗಾರಿಕೆಯಿಂದ ಹೆಸರಾದವರು ವಿಜಯಲಕ್ಷ್ಮಿ ಶಿಬರೂರು. ಸುವರ್ಣ ನ್ಯೂಸ್‌ನ ‘ಕವರ್ ಸ್ಟೋರಿ’ ಅವರನ್ನು ಮನೆಮನೆಗೆ ಪರಿಚಯಿಸಿತು.

ಇಂಥ ಕೆಲಸದ ಫಲ ಮರುದಿನವೇ ಕಾಣುತ್ತದೆಯೇ? ಕಾಸರಗೋಡಿನ ಕಥೆ ಕೇಳಿ. ಅಲ್ಲಿನ ಗೇರು ತೋಟಗಳ ಮೇಲೆ ಹೆಲಿಕಾಪ್ಟರ್‌ನಿಂದ ಎಂಡೋಸಲ್ಫಾನ್ ಎಂಬ ಕೀಟನಾಶಕ ಸುರಿಯುತ್ತಿದ್ದರು. ಕಾಲು ವಿಕಾರವಾದ ಕರುಗಳು ಹುಟ್ಟಿದ್ದನ್ನು ಕಂಡು 1979ರ ಸುಮಾರಿಗೇ ಸಂಶಯಪಟ್ಟವರು ಕೃಷಿಕ-ಪತ್ರಕರ್ತ ಶ್ರೀ ಪಡ್ರೆ. ತಮ್ಮ ರೋಗಿಗಳ ವಿಚಿತ್ರ ಕಾಯಿಲೆಗಳನ್ನು ಗಮನಿಸಿದ ವೈದ್ಯ ಮೋಹನ ಕುಮಾರ್ ಕೂಡ ದನಿಗೂಡಿಸಿದರು. 2001ರಲ್ಲಿ ದಿಲ್ಲಿಯ ಪ್ರಯೋಗಾಲಯವೊಂದು ಅಲ್ಲಿನ ಮಣ್ಣು, ನೀರು, ರಕ್ತದ ಮಾದರಿಗಳಲ್ಲಿ ವಿಷವನ್ನು ಪತ್ತೆಹಚ್ಚಿತು. ಪತ್ರಿಕೆ, ಟಿ.ವಿ.ಗಳು ಆ ಮಕ್ಕಳ ಮುಖವನ್ನು ನಾಡಿಗೆ ತೋರಿಸಿದವು. ಕಾಯಿಲೆಗೆ ಇದೇ ಕಾರಣವೇ ಎಂದು ಸಮಿತಿಗಳು ಜಗಳವಾಡಿದವು. ಕೊನೆಗೆ 2011ರ ಮೇ 13ರಂದು ಸುಪ್ರೀಂ ಕೋರ್ಟ್ ದೇಶದಾದ್ಯಂತ ಅದರ ತಯಾರಿಕೆ, ಮಾರಾಟ, ಬಳಕೆಗಳನ್ನು ತಡೆಯಿತು. 2017ರಲ್ಲಿ ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿ ಕೊಡುವಂತೆ ಕೇರಳ ಸರ್ಕಾರಕ್ಕೆ ಆದೇಶಿಸಿತು. ಮೊದಲ ಸಂಶಯದಿಂದ ನಿಷೇಧಕ್ಕೆ ಮೂವತ್ತಕ್ಕೂ ಹೆಚ್ಚು ವರ್ಷ! ಅಷ್ಟರಲ್ಲಿ ಒಂದು ಪೀಳಿಗೆಯ ಮಕ್ಕಳು ನೋವಿನಲ್ಲೇ ಬೆಳೆದಿದ್ದರು.

ಆದ್ದರಿಂದ ಮಿತ್ರರೇ, ತೆರೆಯ ಮೇಲೆ ಕಂಡದ್ದನ್ನೆಲ್ಲ ನಂಬಬೇಡಿ. ಎಲ್ಲವೂ ಸುಳ್ಳೆಂದು ತಳ್ಳಿಯೂ ಬಿಡಬೇಡಿ. ‘ಆಧಾರವೇನು?’ ಎಂದು ಕೇಳಿ. 2005ರ ಮಾಹಿತಿ ಹಕ್ಕು ಕಾಯಿದೆಯು ಸಾಮಾನ್ಯವಾಗಿ 30 ದಿನಗಳೊಳಗೆ ಉತ್ತರ ಪಡೆಯುವ ಹಕ್ಕನ್ನು ನಾಗರಿಕರಿಗೆ ಕೊಟ್ಟಿದೆ. ನಿಮ್ಮ ಬೀದಿಯ ಚರಂಡಿ ಎಲ್ಲಿಗೆ ಹೋಗಿ ಸೇರುತ್ತದೆ? ಇವತ್ತು ಸಂಜೆಯೇ ವಿಚಾರಿಸಿ ನೋಡಿ. ಹುಡುಕಾಟದ ಮೊದಲ ಪಾಠ ಅದೇ.