ಸುಮ್ಮನೆ ತಂಗಿದ ಹಣ ಯಾರಿಗಾಗಿ ದುಡಿಯುತ್ತದೆ?

ಹಾನಗಲ್ಲಿನ ಮಾವು, ಸವಣೂರಿನ ವೀಳ್ಯದೆಲೆ, ಹಿರೇಕೆರೂರಿನ ಗೋವಿನಜೋಳ, ಶಿಗ್ಗಾವಿಯ ಹತ್ತಿ ಮಾರಿ ಬಂದ ಹಣ ಒಂದೇ ದಿನದಲ್ಲಿ ಖರ್ಚಾಗುವುದಿಲ್ಲ. ಬೀಜ, ಗೊಬ್ಬರ, ಮಕ್ಕಳ ಶುಲ್ಕಕ್ಕೆ ಬೇಕಾಗುವವರೆಗೆ ಅದು ಎಲ್ಲಿಯಾದರೂ ತಂಗಿರುತ್ತದೆ. ದಲಾಲರ ಅಂಗಡಿಯ ಲೆಕ್ಕದಲ್ಲಿರಬಹುದು, ಬ್ಯಾಂಕಿನ ಉಳಿತಾಯ ಖಾತೆಯಲ್ಲಿರಬಹುದು. ಮನೆಯ ತರುಣರು ಷೇರು ವ್ಯವಹಾರ ಮಾಡುವವರಾದರೆ ಷೇರು ದಲ್ಲಾಳಿ ಸಂಸ್ಥೆಯಲ್ಲಿಯೂ ಇರಬಹುದು. ಆದರೆ ತಂಗಿದ ಹಣ ನಿದ್ರಿಸುವುದಿಲ್ಲ. ಅದನ್ನು ಇಟ್ಟುಕೊಂಡವರು ಅದರಿಂದ ಬಡ್ಡಿ ಗಳಿಸಬಲ್ಲರು. ಆ ಗಳಿಕೆಯಲ್ಲಿ ಹಣದ ಒಡೆಯನ ಪಾಲೆಷ್ಟು ಎಂಬುದೇ ಇಂದಿನ ವಿಷಯ.

ಮೊದಲು ನಮ್ಮ ಬ್ಯಾಂಕಿನ ಉದಾಹರಣೆ ನೋಡೋಣ. 2010ರ ಮಾರ್ಚ್ ಕೊನೆಯವರೆಗೆ ಉಳಿತಾಯ ಖಾತೆಯ ಬಡ್ಡಿಯನ್ನು ಪ್ರತಿ ತಿಂಗಳ 10ನೇ ತಾರೀಖಿನಿಂದ ಕೊನೆಯ ದಿನದವರೆಗಿನ ಅತಿ ಕಡಿಮೆ ಶಿಲ್ಕಿನ ಮೇಲೆ ಲೆಕ್ಕ ಹಾಕುತ್ತಿದ್ದರು. ರೈತರೊಬ್ಬರು ಬರಿದಾಗಿದ್ದ ಖಾತೆಗೆ 3ನೇ ತಾರೀಖು 10,000 ರೂಪಾಯಿ ಕಟ್ಟಿ, 28ಕ್ಕೆ ಅಷ್ಟನ್ನೂ ತೆಗೆದರೆಂದು ಭಾವಿಸಿ. ಹಣ 25 ದಿನ ಬ್ಯಾಂಕಿನಲ್ಲಿತ್ತು. ಬಡ್ಡಿ ಮಾತ್ರ ಸೊನ್ನೆ! ಆಗಿನ ದರ ಶೇಕಡಾ 3.5. ದಿನದ ಲೆಕ್ಕ ಹಿಡಿದಿದ್ದರೆ ಸುಮಾರು 24 ರೂಪಾಯಿ ಬರಬೇಕಿತ್ತು. 24 ರೂಪಾಯಿಗಾಗಿ ಯಾರು ಕೋರ್ಟಿನ ಮೆಟ್ಟಿಲು ಹತ್ತುತ್ತಾರೆ? ಆದರೆ ಇಂತಹ ಒಂದು ಲಕ್ಷ ಖಾತೆಗಳಿದ್ದರೆ ಮೊತ್ತ 24 ಲಕ್ಷವಾಗುತ್ತದೆ. ಒಬ್ಬೊಬ್ಬರಿಗೆ ಹನಿ, ಎಲ್ಲರದೂ ಸೇರಿದರೆ ಹಳ್ಳ. ರಿಸರ್ವ್ ಬ್ಯಾಂಕು 2010ರ ಏಪ್ರಿಲ್ 1ರಿಂದ ಪ್ರತಿ ದಿನದ ಶಿಲ್ಕಿನ ಮೇಲೆ ಬಡ್ಡಿ ಕೊಡುವ ಪದ್ಧತಿಯನ್ನು ಜಾರಿಗೆ ತಂದಿತು. 2011ರ ಅಕ್ಟೋಬರಿನಿಂದ ದರವನ್ನು ನಿರ್ಧರಿಸುವ ಸ್ವಾತಂತ್ರ್ಯವನ್ನು ಬ್ಯಾಂಕುಗಳಿಗೇ ಬಿಟ್ಟಿತು. ಆದ್ದರಿಂದ ಈಗ ದರ ವಿಚಾರಿಸುವ ಹೊಣೆ ನಮ್ಮದು.

ಇದೇ ಪ್ರಶ್ನೆ ಅಮೆರಿಕದಲ್ಲಿ ದೊಡ್ಡ ವಿವಾದವಾಯಿತು. ಅಲ್ಲಿಯ ಷೇರು ದಲ್ಲಾಳಿ ಸಂಸ್ಥೆಗಳು ಗ್ರಾಹಕರ ಖಾತೆಯಲ್ಲಿ ಉಳಿದ ನಗದನ್ನು ತಾವಾಗಿಯೇ ಬ್ಯಾಂಕುಗಳಿಗೆ, ಹಲವು ವೇಳೆ ತಮ್ಮದೇ ಸಮೂಹದ ಬ್ಯಾಂಕಿಗೆ, ವರ್ಗಾಯಿಸುತ್ತವೆ. 2022ರ ಆರಂಭದಲ್ಲಿ ಸೊನ್ನೆಯ ಸಮೀಪವಿದ್ದ ಅಲ್ಲಿಯ ಕೇಂದ್ರ ಬ್ಯಾಂಕಿನ ಬಡ್ಡಿ ದರ 2023ರ ಜುಲೈ ಹೊತ್ತಿಗೆ ಶೇಕಡಾ 5 ದಾಟಿತು. ಆದರೂ ಅನೇಕ ಗ್ರಾಹಕರ ನಗದಿಗೆ ಸಿಗುತ್ತಿದ್ದ ಬಡ್ಡಿ ಅತ್ಯಲ್ಪವಾಗಿಯೇ ಉಳಿಯಿತು. 2024ರಲ್ಲಿ ಹಲವು ಸಂಸ್ಥೆಗಳ ಮೇಲೆ ಗ್ರಾಹಕರು ಸಾಮೂಹಿಕ ದಾವೆ ಹೂಡಿದರು. 2025ರ ಜನವರಿಯಲ್ಲಿ ವೆಲ್ಸ್ ಫಾರ್ಗೋ ಸಮೂಹದ ಎರಡು ಸಲಹಾ ಸಂಸ್ಥೆಗಳು ಮತ್ತು ಮೆರಿಲ್ ಲಿಂಚ್ ಒಟ್ಟು 6 ಕೋಟಿ ಡಾಲರ್ ದಂಡ ತೆರಲು ಒಪ್ಪಿದವು. ಇದು ಸರಕಾರಿ ನಿಯಂತ್ರಕರು ವಿಧಿಸಿದ ದಂಡ. ಸಂಸ್ಥೆಗಳು ಆರೋಪವನ್ನು ಒಪ್ಪಲೂ ಇಲ್ಲ, ಅಲ್ಲಗಳೆಯಲೂ ಇಲ್ಲ.

ಸಾಮೂಹಿಕ ದಾವೆ ಎಂದರೇನು? ಒಂದೇ ಬಗೆಯ ನಷ್ಟವಾದ ಸಾವಿರಾರು ಜನರ ಪರವಾಗಿ ಕೆಲವರೇ ನ್ಯಾಯಾಲಯಕ್ಕೆ ಹೋಗುವುದು. ಉಭಯ ಪಕ್ಷಗಳು ರಾಜಿಯಾದರೆ ನ್ಯಾಯಾಧೀಶರು ಆ ರಾಜಿಯನ್ನು ಪರಿಶೀಲಿಸಿ ಒಪ್ಪಬೇಕು. ವಕೀಲರ ಶುಲ್ಕ ಕಳೆದು ಉಳಿದದ್ದನ್ನು ಎಲ್ಲರಿಗೂ ಹಂಚುತ್ತಾರೆ. ತಲಾ ಬರುವ ಮೊತ್ತ ಚಿಕ್ಕದಿರಬಹುದು. ಆದರೆ ಚಿಕ್ಕ ನಷ್ಟವನ್ನು ಯಾರೂ ಕೇಳುವುದಿಲ್ಲ ಎಂಬ ಧೈರ್ಯ ಸಂಸ್ಥೆಗಳಿಗೆ ಉಳಿಯುವುದಿಲ್ಲ.

ನಮ್ಮ ದೇಶದಲ್ಲಿ ಷೇರು ಪೇಟೆಯ ನಿಯಂತ್ರಕ ಸಂಸ್ಥೆಯಾದ ಸೆಬಿ ಬೇರೆ ದಾರಿ ಹಿಡಿದಿದೆ. ಗ್ರಾಹಕರ ಹಣ ದಲ್ಲಾಳಿಯ ಬಳಿ ಬಹುಕಾಲ ತಂಗದಂತೆ ನೋಡಿಕೊಳ್ಳುವುದೇ ಆ ದಾರಿ. ಬಳಕೆಯಾಗದ ಹಣವನ್ನು ಗ್ರಾಹಕರ ಆಯ್ಕೆಯಂತೆ ತಿಂಗಳಿಗೊಮ್ಮೆ ಅಥವಾ ಮೂರು ತಿಂಗಳಿಗೊಮ್ಮೆ ಅವರ ಬ್ಯಾಂಕ್ ಖಾತೆಗೆ ಮರಳಿಸಬೇಕು. ಗ್ರಾಹಕರ ಹಣ ತೋರಿಸಿ ದಲ್ಲಾಳಿಗಳು ಹೊಸದಾಗಿ ಬ್ಯಾಂಕ್ ಖಾತರಿ ಪಡೆಯುವುದನ್ನು 2023ರ ಮೇ 1ರಿಂದ ನಿಷೇಧಿಸಲಾಯಿತು. ಹಿಂದೆ ಹೊಸ ಷೇರಿಗೆ ಅರ್ಜಿ ಹಾಕಿದಾಗ ಹಣ ಮೊದಲೇ ಕೈಬಿಟ್ಟು ಹೋಗುತ್ತಿತ್ತು. 2008ರಲ್ಲಿ ಆರಂಭವಾಗಿ 2016ರ ಜನವರಿಯಿಂದ ಕಡ್ಡಾಯವಾದ 'ಆಸ್ಬಾ' ಪದ್ಧತಿಯಲ್ಲಿ ಅರ್ಜಿದಾರರ ಹಣ ಅವರ ಖಾತೆಯಲ್ಲಿಯೇ ತಡೆಹಿಡಿಯಲ್ಪಡುತ್ತದೆ. ಷೇರು ಸಿಗುವವರೆಗೆ ಬಡ್ಡಿಯೂ ಅವರದೇ.

ಒಟ್ಟಾಗಿ ದೂರುವ ಹಕ್ಕು ನಮಗೂ ಇದೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ 35ನೇ ಕಲಮಿನಂತೆ, ಸಮಾನ ಹಿತಾಸಕ್ತಿಯುಳ್ಳ ಗ್ರಾಹಕರಲ್ಲಿ ಒಬ್ಬರು ಅಥವಾ ಹಲವರು ಆಯೋಗದ ಅನುಮತಿ ಪಡೆದು ಎಲ್ಲರ ಪರವಾಗಿ ದೂರು ಕೊಡಬಹುದು. ನಿಮ್ಮ ನಾಲ್ಕೂ ತಾಲ್ಲೂಕುಗಳವರಿಗೆ ಜಿಲ್ಲಾ ಗ್ರಾಹಕ ಆಯೋಗ ಹಾವೇರಿಯಲ್ಲಿದೆ. ಬ್ಯಾಂಕಿನ ಮೇಲಿನ ದೂರನ್ನು ಮೊದಲು ಬ್ಯಾಂಕಿಗೇ ಬರೆದುಕೊಡಬೇಕು. ಪರಿಹಾರ ಸಿಗದಿದ್ದರೆ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್ ಇದ್ದಾರೆ. ಷೇರು ದಲ್ಲಾಳಿಗಳ ಮೇಲಿನ ದೂರಿಗೆ ಸೆಬಿಯ 'ಸ್ಕೋರ್ಸ್' ವ್ಯವಸ್ಥೆಯಿದೆ.

ಇಂದು ಸಂಜೆ ಮನೆಯ ಪಾಸ್‌ಬುಕ್ ತೆರೆಯಿರಿ. ಮೂರು ಪ್ರಶ್ನೆ ಕೇಳಿಕೊಳ್ಳಿ: ಹಣ ಯಾರ ಬಳಿ ಇದೆ? ಎಷ್ಟು ದಿನದಿಂದ ಇದೆ? ಶೇಕಡಾ ಎಷ್ಟು ಬಡ್ಡಿ ಬಂದಿದೆ? ಲೆಕ್ಕ ತಾಳೆಯಾಗದಿದ್ದರೆ ಬರವಣಿಗೆಯಲ್ಲಿ ಉತ್ತರ ಕೇಳಿ. ಶಾಲೆಯಲ್ಲಿ ಕಲಿತ ಸರಳ ಬಡ್ಡಿಯ ಸೂತ್ರ ಪರೀಕ್ಷೆಗಷ್ಟೇ ಅಲ್ಲ, ಅಪ್ಪ ಅವ್ವ ಬೆವರು ಸುರಿಸಿ ತಂದ ಹಣವನ್ನು ಕಾಯುವುದಕ್ಕೂ ಹೌದು.